ಔಷಧ, ಕಾಫಿ, ಸಿದ್ಧ ಉಡುಪು: ಸಾಗಣೆ ಕಂಪನಿಯನ್ನು ಏನು ಕೇಳಬೇಕು?

ಡಿಎಚ್‌ಎಲ್‌ನಂಥ ಜಾಗತಿಕ ಸಾಗಣೆ ಕಂಪನಿಗಳು ಉದ್ಯಮಕ್ಕೆ ತಕ್ಕಂತೆ ಪ್ರತ್ಯೇಕ ಸೇವೆ ಕೊಡುತ್ತವೆ. ರಫ್ತುದಾರರು ದರಕ್ಕಿಂತ ಮೊದಲು ಅದನ್ನೇ ವಿಚಾರಿಸಬೇಕು.

ಇನ್ಸುಲಿನ್ ಮತ್ತು ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಅಪಾಯ ಹೆಚ್ಚಿರುವುದು ವಿಮಾನಕ್ಕೆ ಹತ್ತಿಸುವ ಮುಂಚೆ, ಬಿಸಿಲಲ್ಲಿ ಕಾಯುವಾಗ. ಹಾಗೆಂದು ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕನ್ನು ನೇರ ತಾಗಿಸಿಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಹಾಳು. ತಾಪಮಾನ ದಾಖಲಿಸುವ ಲಾಗರ್ ಪೆಟ್ಟಿಗೆಯೊಳಗೆ, ಔಷಧದ ಪಕ್ಕದಲ್ಲೇ ಇರಲಿ. ಹೊರಗೆ ಅಂಟಿಸಿದ್ದು ಪ್ರಯೋಜನವಿಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿಗೆ ಇಷ್ಟೆಲ್ಲ ಖರ್ಚು ಬೇಡ, ಹಡಗು ಸಾಕು. 20 ಅಡಿ ಕಂಟೇನರ್‌ನಲ್ಲಿ 60 ಕೆ.ಜಿ.ಯ ಸುಮಾರು 320 ಚೀಲ ಹಿಡಿಯುತ್ತವೆ. ಇಲ್ಲಿ ತೊಂದರೆ ತೇವದ್ದು: ಚಳಿಯ ಬಂದರು ಹತ್ತಿರವಾದಂತೆ ಕಂಟೇನರ್ ಚಾವಣಿಯಲ್ಲಿ ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ ಕ್ರಾಫ್ಟ್ ಕಾಗದ (ದಪ್ಪ ಕಂದು ಕಾಗದ), ತೇವ ಹೀರುವ ಪೊಟ್ಟಣ ಯಾರ ಖರ್ಚಿನಲ್ಲಿ ಎಂಬುದನ್ನು ಬರೆಸಿಕೊಳ್ಳಿ.

ಉಡುಪಿನದು ಜಾಗದ ಲೆಕ್ಕ. ವಿಮಾನದಲ್ಲಿ ಹಗುರ ಸರಕು ತುಂಬುವ 1 ಘನ ಮೀಟರ್ ಜಾಗವನ್ನು ಸಾಮಾನ್ಯವಾಗಿ 167 ಕೆ.ಜಿ. ತೂಕ ಎಂದೇ ಹಿಡಿದು ದರ ಹಾಕುತ್ತಾರೆ. ಹಾಗಾಗಿ ಹಗುರ ಬಟ್ಟೆಯನ್ನು ಮಡಚದೆ ಹ್ಯಾಂಗರ್‌ಗೆ ತೂಗುಹಾಕಿ ಸಾಗಿಸುವುದು ದುಬಾರಿ. ಇಸ್ತ್ರಿ ಕೆಡಬಾರದ ಸೂಟುಗಳಿಗಷ್ಟೇ ಅದು ಸರಿ.