ಕೊಡಗಿನಲ್ಲಿ ಕೂತು ರಿನ್ಸ್, ಕೂಲ್, ಎನ್‌ಟಿಎಸ್ ಕೇಳುವುದು: ಲಂಡನ್ನಿನ ರೇಡಿಯೊಗಳ ವಿಮರ್ಶೆ

ಲಂಡನ್ನಿನ ರಿನ್ಸ್ ಎಫ್‌ಎಂ ಕೇಳಲು ದುಡ್ಡು ಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ಅವರ ವೆಬ್‌ಸೈಟ್ ತೆರೆದು ಬಟನ್ ಒತ್ತಿದರೆ ಸಾಕು, ಭಾಗಮಂಡಲದಲ್ಲೂ ಹಾಡುತ್ತದೆ. ಆದರೆ ಸರಿಯಾಗಿ ಕೇಳಬೇಕೆಂದರೆ ಸಮಯ, ಸ್ಪೀಕರ್, ಕರೆಂಟು ಈ ಮೂರನ್ನೂ ಹೊಂದಿಸಿಕೊಳ್ಳಬೇಕು. ಇಲ್ಲವಾದರೆ ಬೇಸ್ ತುಂಬಿದ ಅವರ ನೃತ್ಯ ಸಂಗೀತ, ಎಂಥ ಒಳ್ಳೆಯ ಡಬ್‌ಸ್ಟೆಪ್ ಆದರೂ, ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ.

ರಿನ್ಸ್ 1994ರಲ್ಲಿ ಲೈಸೆನ್ಸ್ ಇಲ್ಲದೆ ಹುಟ್ಟಿದ ಪೈರೇಟ್ ರೇಡಿಯೊ. 2010ರಲ್ಲಿ ಸಮುದಾಯ ರೇಡಿಯೊ ಲೈಸೆನ್ಸ್ ಸಿಕ್ಕ ಮೇಲೆ ಲಂಡನ್ನಿನಲ್ಲಿ 106.8ರಲ್ಲಿ ಕಾನೂನುಬದ್ಧವಾಗಿ ಬರುತ್ತಿದೆ. ಆ ನಡುವಿನ ಹದಿನಾರು ವರ್ಷಗಳಲ್ಲಿ ಗ್ಯಾರೇಜ್ ಎಂಬ ನೃತ್ಯ ಸಂಗೀತ ಬಲಿತದ್ದು, ರ‍್ಯಾಪ್ ಬೆರೆತ ಗ್ರೈಮ್ ಮತ್ತು ಡಬ್‌ಸ್ಟೆಪ್ ರೂಪ ತಳೆದದ್ದು ಇಂಥ ಸ್ಟೇಷನ್ನುಗಳ ಮೂಲಕವೇ. ದೊಡ್ಡ ರೇಡಿಯೊಗಳು ಆ ಹಾಡುಗಳನ್ನು ಹಾಕುತ್ತಿರಲಿಲ್ಲ, ಅಂಗಡಿಯಲ್ಲಿ ಡಿಸ್ಕ್ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದವು. ಡಿಜೆಗಳು ಒಂದೇ ಪ್ರತಿಯ ಡಬ್‌ಪ್ಲೇಟ್ ಕೊರೆಸಿ ತಂದು ಹಾಕುತ್ತಿದ್ದರು. ಮೆತ್ತನೆಯ ಲೇಪದ ಆ ಡಿಸ್ಕು ಕೆಲವು ಡಜನ್ ಸಲ ತಿರುಗುವಷ್ಟರಲ್ಲಿ ಸವೆದು ಹೋಗುತ್ತದೆ. ವಾರಾಂತ್ಯದ ರೇವ್ (ರಾತ್ರಿಯಿಡೀ ಕುಣಿಯುವ ಕೂಟ) ಎಲ್ಲಿ ಎಂಬ ಜಾಹೀರಾತೂ ಅದೇ ರೇಡಿಯೊದಲ್ಲೇ ಬರುತ್ತಿತ್ತು, ಸ್ಟೇಷನ್ ನಡೆಯುವ ಖರ್ಚಿಗೆ ಅದೂ ಒಂದು ಆಧಾರ.

ಪೈರೇಟ್ ರೇಡಿಯೊದವರ ಏರ್ಪಾಡು ತಿಳಿದರೆ ಈ ಸಂಗೀತಕ್ಕೆ ಆ ಆತುರ ಎಲ್ಲಿಂದ ಬಂತು ಎನ್ನುವುದೂ ತಿಳಿಯುತ್ತದೆ. ಸ್ಟುಡಿಯೊ ಒಂದು ಫ್ಲ್ಯಾಟಿನಲ್ಲಿ, ಟ್ರಾನ್ಸ್‌ಮಿಟರ್ ಇನ್ನೊಂದು ಎತ್ತರದ ಕಟ್ಟಡದ ತಾರಸಿಯಲ್ಲಿ, ನಡುವೆ ಕಡಿಮೆ ಶಕ್ತಿಯ ರೇಡಿಯೊ ಲಿಂಕ್. ಅಧಿಕಾರಿಗಳು ಸಿಗ್ನಲ್ ಹಿಡಿದು ತಾರಸಿಗೆ ಬಂದರೆ ಹೋಗುವುದು ಟ್ರಾನ್ಸ್‌ಮಿಟರ್ ಮಾತ್ರ, ಸ್ಟುಡಿಯೊ ಉಳಿಯುತ್ತದೆ. ಇನ್ನೊಂದು ತಾರಸಿ ಹಿಡಿದು ಮತ್ತೆ ಶುರು. ರಿನ್ಸ್ ಕಟ್ಟಿದವರಲ್ಲಿ ಒಬ್ಬರಾದ ಡಿಜೆ ಸ್ಲಿಮ್‌ಜೀಗೆ 2005ರಲ್ಲಿ ನಾಲ್ಕು ಅಂತಸ್ತಿಗಿಂತ ಎತ್ತರದ ತಾರಸಿ ಹತ್ತಬಾರದು ಎಂಬ ನಿರ್ಬಂಧವೇ ಬಿದ್ದಿತ್ತು. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತದೆ, ಹಾಗಾಗಿ ಎತ್ತರವೇ ಅಲ್ಲಿ ಬಂಡವಾಳ. ಲಂಡನ್ ತಗ್ಗು ನೆಲ, ಒಂದು ಕಟ್ಟಡ ಸಿಕ್ಕರೆ ಊರಿನ ದೊಡ್ಡ ಭಾಗ ಸಿಕ್ಕಿತು. ಕೊಡಗಿನಲ್ಲಿ ಹಾಗಲ್ಲ. ಮಡಿಕೇರಿ ಆಕಾಶವಾಣಿಯ 103.1 ಬೆಟ್ಟದ ಈ ಮಗ್ಗುಲಲ್ಲಿ ಸ್ಪಷ್ಟವಾಗಿ ಕೇಳಿ, ಆ ಮಗ್ಗುಲಿನ ಕೊಲ್ಲಿಗೆ ಇಳಿದರೆ ಗೊರಗೊರ ಎನ್ನುವುದು ಇದೇ ಕಾರಣಕ್ಕೆ.

ಈ ಸಾಹಸ ಇಲ್ಲಿ ಮಾಡಬೇಡಿ ಎಂದೂ ಹೇಳಲೇಬೇಕು. ಅನುಮತಿ ಇಲ್ಲದ ಟ್ರಾನ್ಸ್‌ಮಿಟರ್ ನಮ್ಮಲ್ಲಿ ಅಪರಾಧ. ಸಂಘ ಸಂಸ್ಥೆಗಳಿಗೆ 2006ರಿಂದ ಸಮುದಾಯ ರೇಡಿಯೊ ಲೈಸೆನ್ಸ್ ತೆರೆದಿದೆ, 100 ವ್ಯಾಟ್ ಮಿತಿಯಲ್ಲಿ. ಒಂದು ಊರು, ಸುತ್ತಲಿನ ನಾಲ್ಕಾರು ಹಳ್ಳಿಗೆ ಅಷ್ಟು ಸಾಕು.

ಈಗ ಯಾವುದು ಯಾರಿಗೆ ಎಂಬ ಮಾತು. ವೇಗದ ಡ್ರಮ್ಮಿನ ಜಂಗಲ್, ಡ್ರಮ್ ಅಂಡ್ ಬೇಸ್ ಮಾತ್ರ ಬೇಕೆನ್ನುವವರು ಕೂಲ್ ಎಫ್‌ಎಂಗೆ ಹೋಗಿ. 1991ರಲ್ಲಿ ಹ್ಯಾಕ್ನಿಯಲ್ಲಿ ಪೈರೇಟ್ ಆಗಿ ಶುರುವಾದ ಸ್ಟೇಷನ್, ಈಗ ರಿನ್ಸ್ ಬಳಗದಲ್ಲಿದೆ. ನಿಮಿಷಕ್ಕೆ 160-175 ಬಡಿತದ ಆ ಸಂಗೀತಕ್ಕೆ ಮೈಕ್ ಹಿಡಿದ ಎಂಸಿಯ ಮಾತು ಸೇರಿದಾಗಲೇ ಕಳೆ. ರಿನ್ಸ್‌ನಲ್ಲಿ ಹರವು ಹೆಚ್ಚು, ಒಂದು ಗಂಟೆ ಹೌಸ್ ಎಂಬ ನೃತ್ಯ ಸಂಗೀತ ಇದ್ದರೆ ಮುಂದಿನ ಗಂಟೆ 140 ಬಡಿತದ ಡಬ್‌ಸ್ಟೆಪ್. ಹೊಸಬರಿಗೆ ಇದೇ ಸರಿಯಾದ ಬಾಗಿಲು. ಎನ್‌ಟಿಎಸ್ 2011ರಲ್ಲಿ ಡಾಲ್‌ಸ್ಟನ್ನಿನಲ್ಲಿ ಇಂಟರ್ನೆಟ್ ರೇಡಿಯೊ ಆಗಿಯೇ ಹುಟ್ಟಿದ್ದು, ಎರಡು ವಾಹಿನಿಗಳಿವೆ. ಹಳೆಯ ಕಾರ್ಯಕ್ರಮಗಳ ಜೊತೆ ಹಾಡುಗಳ ಪಟ್ಟಿಯನ್ನೂ ಕೊಡುವುದರಿಂದ, ಕೇಳಿದ್ದು ಯಾವ ಹಾಡು ಎಂದು ಹುಡುಕುವವರಿಗೆ ಇದರಷ್ಟು ಉಪಯೋಗ ಬೇರೆಯದರಿಂದ ಇಲ್ಲ. ಆದರೆ ನೃತ್ಯ ಸಂಗೀತವೇ ಬರುತ್ತದೆ ಎಂದು ಕಾದು ಕೂರಬೇಡಿ, ಅಲ್ಲಿ ಎಲ್ಲ ಬಗೆಯದೂ ಬರುತ್ತದೆ.

ಸಮಯದಲ್ಲಿ ಬಹಳ ಜನ ಎಡವುತ್ತಾರೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳಲ್ಲಿ ಐದೂವರೆ. ಅಲ್ಲಿನ ರಾತ್ರಿ 11ರ ಕಾರ್ಯಕ್ರಮ ಮಳೆಗಾಲದಲ್ಲಿ ನಮ್ಮ ಬೆಳಗಿನ ಜಾವ 3.30ಕ್ಕೆ, ಕಾಫಿ ಕುಯ್ಯುವ ಕಾಲದಲ್ಲಿ 4.30ಕ್ಕೆ. ಪಟ್ಟಿಯಲ್ಲಿ ಬರೆದಿರುವುದು ಲಂಡನ್ ಗಡಿಯಾರವೋ ನಿಮ್ಮ ಫೋನಿನ ಗಡಿಯಾರವೋ ಎಂದು ಮೊದಲು ನೋಡಿಕೊಳ್ಳಿ. ಆ ಹೊತ್ತಿನಲ್ಲಿ ಕಣದಲ್ಲಿ ಸ್ಪೀಕರ್ ಇಟ್ಟು ಕೇಳುವ ಆಸೆ ಬೇಡ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗಿನ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ತೋಟದ ಕಾರ್ಮಿಕರ ಲೈನ್ ಮನೆಯವರ ನಿದ್ದೆಯೂ ಇದೆ.

ಡೇಟಾ ಲೆಕ್ಕ ಸುಲಭ. 128 ಕೆಬಿಪಿಎಸ್ ಸ್ಟ್ರೀಮಿಗೆ ಗಂಟೆಗೆ ಸುಮಾರು 58 ಎಂಬಿ, 320ಕ್ಕೆ 144 ಎಂಬಿ.

ಸ್ಪೀಕರಿನದು ಸ್ವಲ್ಪ ದೊಡ್ಡ ವಿಷಯ, ಏಕೆಂದರೆ ಡಬ್‌ಸ್ಟೆಪ್ಪಿನ ಜೀವ ಇರುವುದೇ 40-60 ಹರ್ಟ್ಜ್‌ನಲ್ಲಿ. ಫೋನಿನ ಸ್ಪೀಕರಿನಲ್ಲಿ ಅದು ಇಲ್ಲವೇ ಇಲ್ಲ, ಅಂಗೈಯಷ್ಟು ದೊಡ್ಡ ಬ್ಲೂಟೂತ್ ಡಬ್ಬಿ 100ರ ಕೆಳಗೆ ಸೊರಗುತ್ತದೆ. ಕಡಿಮೆಯೆಂದರೆ 8 ಇಂಚಿನ ವೂಫರ್ ಬೇಕು. ಹಳೆಯ ಹೋಮ್ ಥಿಯೇಟರ್ ಇದ್ದರೆ ಸಬ್‌ವೂಫರಿನ ಕ್ರಾಸ್‌ಓವರನ್ನು (ಎಷ್ಟರ ಕೆಳಗಿನ ಸದ್ದು ಅದಕ್ಕೆ ಹೋಗಬೇಕೆಂಬ ಗುಂಡಿ) 80 ಹರ್ಟ್ಜ್‌ಗೆ ತಿರುಗಿಸಿ, ಫೋನಿನ ಈಕ್ವಲೈಜರ್ ಸಪಾಟಾಗಿಡಿ. ಫೋನಿನಲ್ಲೂ ಆಂಪ್ಲಿಫೈಯರಿನಲ್ಲೂ ಬೇಸ್ ಏರಿಸಿದರೆ ಒಡಕು ಸದ್ದು ಬರುತ್ತದೆ, ವೂಫರಿನ ಕಾಯಿಲ್ ಸುಡಲೂಬಹುದು. ಬ್ಲೂಟೂತ್ ಬದಲು ವೈರ್ ಹಾಕಿ. ಡೇಟಾ ಉಳಿಸಲು ಒಮ್ಮೆ ಹಿಂಡಿದ ಸದ್ದನ್ನು ಮತ್ತೊಮ್ಮೆ ಹಿಂಡುವುದು ತಪ್ಪುತ್ತದೆ.

ಹಳೆಯ ತೋಟದ ಮನೆಗಳಲ್ಲಿ ಇನ್ನೊಂದು ತೊಂದರೆ ಉಂಟು. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಏಳುತ್ತದೆ. ಅದು ಮೇನ್ಸ್ ಕರೆಂಟಿನ 50 ಹರ್ಟ್ಜ್, ಹಾಡಿನ ಬೇಸ್ ಇರುವ ಜಾಗದಲ್ಲೇ ಬಂದು ಕೂರುತ್ತದೆ. ಚಾರ್ಜರ್ ಕಿತ್ತಾಗ ಸದ್ದು ನಿಂತರೆ ದೋಷ ಬಹುಮಟ್ಟಿಗೆ ಅರ್ತಿಂಗಿನದು: ಎರಡೂ ಉಪಕರಣಗಳನ್ನು ಒಂದೇ ಬೋರ್ಡಿಗೆ ಚುಚ್ಚಿ ನೋಡಿ, ಆಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ತ್ ಸರಿಮಾಡಿಸಿ. ಮರದ ಅಟ್ಟ, ಕಿಟಕಿಯ ಗಾಜು ಅದುರಿದರೆ ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆಗೆ ತನ್ನಿ. ಕೊಡವರ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯುವಾಗ ಚಿಕ್ಕ ತಾಳದ ಸದ್ದೆಲ್ಲ ಮಳೆಯಲ್ಲಿ ಮುಳುಗಿ ಹೋಗುತ್ತದೆ, ಬೇಸ್ ಮಾತ್ರ ನೆಲದಿಂದ ಎದ್ದು ಬರುತ್ತದೆ. ಡಬ್‌ಸ್ಟೆಪ್ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಆದರೆ ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ರೂಟರಿಗೆ ಚಿಕ್ಕ ಯುಪಿಎಸ್ ಹಾಕಿಸಿ. 2,000 ಎಂಎಎಚ್‌ನ ಮೂರು ಸೆಲ್ ಇರುವುದರಲ್ಲಿ 22 ವ್ಯಾಟ್-ಅವರ್ ಇರುತ್ತದೆ, ನಷ್ಟ ಕಳೆದು 18 ಎಂದುಕೊಳ್ಳಿ. 7 ವ್ಯಾಟ್ ಎಳೆಯುವ ರೂಟರ್ ಎರಡೂವರೆ ಗಂಟೆ ನಡೆಯುತ್ತದೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ 12 ವೋಲ್ಟ್ ಇದೆಯೋ 9 ಇದೆಯೋ, ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ನೋಡಿ. ತಪ್ಪಿದರೆ ರೂಟರ್ ಹೋಯಿತು. ಏಪ್ರಿಲ್-ಮೇ ಗುಡುಗಿನಲ್ಲಿ ಎಲ್ಲವನ್ನೂ ಕಿತ್ತಿಡಿ. ಸಿಲ್ವರ್ ಓಕ್ ಮರಕ್ಕೆ ಕಟ್ಟಿ ಎಳೆದ ಫೈಬರ್ ಕೊಂಬೆ ಬಿದ್ದು ತುಂಡಾದರೆ ದಿನಗಟ್ಟಲೆ ಕಾಯಬೇಕಾದೀತು, ಆಗ ಕಿಟಕಿಯಲ್ಲಿಟ್ಟ ಮೊಬೈಲಿನ ಹಾಟ್‌ಸ್ಪಾಟೇ ಗತಿ.

ಹಳೆಯ ಕಾರ್ಯಕ್ರಮಗಳು ಯಾವಾಗ ಬೇಕಾದರೂ ಸಿಗುತ್ತವೆ ಎಂದು ನೇರ ಪ್ರಸಾರ ಬಿಡಬೇಡಿ. ಪೈರೇಟ್ ಕಾಲದಲ್ಲಿ ಕೇಳುಗರು ಸ್ಟುಡಿಯೊದ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಫೋನು ಬಿಡದೆ ಮಿನುಗಿದರೆ ಹಾಡು ಜನಕ್ಕೆ ಹಿಡಿಸಿದೆ ಎಂದರ್ಥ, ಡಿಜೆ ಡಿಸ್ಕನ್ನು ಹಿಂದಕ್ಕೆ ಎಳೆದು ಮೊದಲಿನಿಂದ ಹಾಕುತ್ತಿದ್ದ. ಮಿಸ್ಡ್ ಕಾಲಿನಲ್ಲೇ ಮಾತು ಮುಗಿಸುತ್ತಿದ್ದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈಗಲೂ ಕೆಲವು ಡಿಜೆಗಳು ಪ್ರಸಾರದ ನಡುವೆ ಸಂದೇಶ ಓದಿ ಊರುಗಳ ಹೆಸರು ಹೇಳುತ್ತಾರೆ. ಸ್ಟ್ರೀಮ್ ನಮಗೆ ಅರ್ಧ ನಿಮಿಷದವರೆಗೂ ತಡವಾಗಿ ತಲುಪಬಹುದು, ಆ ಹಾಡಿಗೆ ಮೆಚ್ಚುಗೆ ಹೇಳುವಷ್ಟರಲ್ಲಿ ಅಲ್ಲಿ ಮುಂದಿನದು ಶುರುವಾಗಿರುತ್ತದೆ. ಹಾಗಾಗಿ ಹಾಡಿಗಾಗಿ ಕಾಯದೆ ಕಾರ್ಯಕ್ರಮದ ಮೊದಲ ಹತ್ತು ನಿಮಿಷದಲ್ಲೇ ಸಂದೇಶ ಕಳಿಸಿ, ಊರಿನ ಹೆಸರನ್ನು ಸೇರಿಸಿ.