ಜೆಎಸ್‌ಬಿ ಎಕ್ಸಾಕ್ಟ್ 4.52: ಚಿತ್ರದುರ್ಗದ ಗಾಳಿಗೆ ನಿಲ್ಲುವ ಪೆಲ್ಲೆಟ್

ಏರ್ ರೈಫಲ್ ಸ್ಟೇಜ್‌ಗೆ, ಎಂದರೆ ಬೇರೆ ಬೇರೆ ದೂರದ ಗುರಿಗಳಿಗೆ ಗಡಿಯಾರದ ಎದುರು ಹೊಡೆಯುವ ಸುತ್ತಿಗೆ, ಇಳಿಯುವವರು ರೈಫಲ್ ಯಾವುದು, ಸ್ಕೋಪ್ ಯಾವುದು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಪೆಲ್ಲೆಟ್, ಎಂದರೆ ಅದರೊಳಗೆ ತುಂಬುವ ಸೀಸದ ಗುಂಡು, ಮಾತ್ರ ಅಂಗಡಿಯಲ್ಲಿ ಸಿಕ್ಕಿದ್ದು. ಬಯಲಲ್ಲಿ ಹೊಡೆಯುವಾಗ ಅಂಕ ಸೋರುವುದು ಅಲ್ಲೇ. ಚೆಕ್ ದೇಶದ ಜೆಎಸ್‌ಬಿ ಎಕ್ಸಾಕ್ಟ್ ಪೆಲ್ಲೆಟ್ .177 ಬೋರಿನದು (.177 ಇಂಚಿನ ನಳಿಕೆಗೆ), ತಲೆಯ ಅಳತೆ 4.52 ಮಿ.ಮೀ., ತೂಕ 0.547 ಗ್ರಾಂ, ಎಂದರೆ 8.44 ಗ್ರೇನ್. ಡಬ್ಬಿಗೆ 500. ತಲೆ ಗುಂಡಗಿದೆ, ಇದರ ಗುಣವೆಲ್ಲ ಆ ಗುಂಡುತಲೆಯಲ್ಲಿದೆ.

ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟ ಊರು ಚಿತ್ರದುರ್ಗ. ಆಷಾಢದಲ್ಲಿ ಇಲ್ಲಿನ ಬಯಲಿನ ಗಾಳಿ ಪೆಲ್ಲೆಟ್ಟನ್ನು ಸುಮ್ಮನೆ ಬಿಡುವುದಿಲ್ಲ. ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಹೊರಟ ಎಕ್ಸಾಕ್ಟ್, ಗಂಟೆಗೆ 16 ಕಿ.ಮೀ. ಅಡ್ಡಗಾಳಿಯಲ್ಲಿ 25 ಮೀಟರ್ ತಲುಪುವಷ್ಟರಲ್ಲಿ ಸುಮಾರು 4 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಕಾಗದದ ಗುರಿಯ ಸ್ಪರ್ಧೆಗೆಂದೇ ಮಾಡಿದ ಚಪ್ಪಟೆ ತಲೆಯ ಮ್ಯಾಚ್ ಪೆಲ್ಲೆಟ್ ಗಾಳಿಯನ್ನು ಮುಖಕೊಟ್ಟು ತಳ್ಳುವುದರಿಂದ ಬೇಗ ವೇಗ ಕಳೆದುಕೊಂಡು ಅದರ ಸುಮಾರು ಒಂದೂವರೆ ಪಟ್ಟು ಸರಿಯುತ್ತದೆ. 4 ಸೆಂ.ಮೀ. ಅಗಲದ ಲೋಹದ ತಟ್ಟೆಗೆ ಗುರಿಯಿಟ್ಟಾಗ ಗಾಳಿಯ ಕಡೆಗೆ ಒಂದು ತಟ್ಟೆಯಷ್ಟು ಒತ್ತಿ ಹಿಡಿಯುವುದು ಸಾಧ್ಯ, ಒಂದೂವರೆ ತಟ್ಟೆ ಎಂದರೆ ಬರೀ ಊಹೆ.

ಇನ್ನೊಂದು ಲಾಭ ಎತ್ತರದ ಲೆಕ್ಕದಲ್ಲಿದೆ. ಸ್ಕೋಪ್ ನಳಿಕೆಯಿಂದ 4.5 ಸೆಂ.ಮೀ. ಮೇಲಿದ್ದು, ಇದೇ ವೇಗದಲ್ಲಿ 20 ಮೀಟರಿಗೆ ಝೀರೋ ಮಾಡಿದರೆ (ಆ ದೂರದಲ್ಲಿ ಹಿಡಿದಲ್ಲೇ ಏಟು ಬೀಳುವಂತೆ ಸ್ಕೋಪ್ ಹೊಂದಿಸಿದರೆ), 15ರಿಂದ 25 ಮೀಟರ್‌ವರೆಗೆ ಏಟು 3 ಮಿ.ಮೀ. ಒಳಗೇ ಬೀಳುತ್ತದೆ. ಗಡಿಯಾರ ಓಡುತ್ತಿರುವಾಗ ಅಲ್ಲಿ ಏನೂ ಯೋಚಿಸಬೇಕಿಲ್ಲ. ತಪ್ಪುವುದು ಹತ್ತಿರದ ಗುರಿ: 10 ಮೀಟರಿನಲ್ಲಿ ಏಟು ಸುಮಾರು 12 ಮಿ.ಮೀ. ಕೆಳಗೆ. ಹತ್ತಿರವಿದೆ ಎಂದು ನಡುವಿಗೆ ಹಿಡಿದವರೇ ಸಣ್ಣ ತಟ್ಟೆ ಕಳೆದುಕೊಳ್ಳುತ್ತಾರೆ. ನಿಮ್ಮ ರೈಫಲ್ಲಿನ ವೇಗ ಬೇರೆಯಾದರೆ ಅಂಕಿಯೂ ಬೇರೆ. ಐದೈದು ಮೀಟರಿಗೊಮ್ಮೆ ಕಾಗದಕ್ಕೆ ಹೊಡೆದು ನೋಡಿ, ಚೀಟಿ ಬರೆದು ರೈಫಲ್ಲಿನ ಹಿಡಿಯಾದ ಸ್ಟಾಕ್‌ಗೆ ಅಂಟಿಸಿ.

ಈಗ ದೋಷ. ಸೀಸ ಮೆತ್ತಗಿದೆ, ಹಿಂಬದಿಯ ಅಂಚು ತೆಳು. ಸಾಗಣೆಯಲ್ಲಿ ಡಬ್ಬಿ ಕುಲುಕಿದರೆ, ಕೈಜಾರಿ ಬಿದ್ದರೆ, ಅಂಚು ನಗ್ಗುತ್ತದೆ. ನಗ್ಗಿದ ಕಡೆಯಿಂದ ಗಾಳಿ ಸೋರಿ ಏಟು ಎತ್ತಲೋ ಹೋಗುತ್ತದೆ. ಸ್ಪರ್ಧೆಯ ಹಿಂದಿನ ದಿನ ಬಿಳಿ ಬಟ್ಟೆಯ ಮೇಲೆ ಹರಡಿ, ಒಂದೊಂದನ್ನೇ ಉರುಳಿಸಿ ನೋಡಿ. ಅಂಚು ವಕ್ರವಾದವು ಅಭ್ಯಾಸಕ್ಕಿರಲಿ. ಆರಿಸಿದ್ದನ್ನು ಪ್ಯಾಂಟಿನ ಜೇಬಿಗೆ ಸುರಿಯಬೇಡಿ. ಸ್ಪಂಜಿನ ತುಂಡಿಗೆ ತೂತು ಕೊರೆದು, ತಲೆ ಕೆಳಗಾಗಿ ಸಿಗಿಸಿಟ್ಟರೆ ಬೆರಳಿಗೆ ಅಂಚೇ ಮೊದಲು ಸಿಗುತ್ತದೆ, ಅವಸರದಲ್ಲಿ ಉಲ್ಟಾ ತುಂಬುವ ತಪ್ಪು ಆಗುವುದಿಲ್ಲ.

ಕೆಲವು ನಳಿಕೆಗಳಿಗೆ 4.52 ಬಿಗಿ. ನಳಿಕೆ ಮಡಚಿ ತುಂಬುವ ಸ್ಪ್ರಿಂಗ್ ಗನ್ನಿನಲ್ಲಿ ಹೆಬ್ಬೆರಳಿನಿಂದ ಒತ್ತಿ, ಅಂಚು ನಳಿಕೆಯ ಬಾಯಿಗೆ ಸಮವಾದ ಮೇಲೆಯೇ ಮುಚ್ಚಬೇಕು. ಹೊರಗುಳಿದರೆ ಮುಚ್ಚುವಾಗ ಜಜ್ಜಿಹೋಗುತ್ತದೆ. ಬ್ಯಾರಿಕೇಡಿನಲ್ಲಿ, ಎಂದರೆ ಆಸರೆಗೆ ನಿಲ್ಲಿಸಿದ ಹಲಗೆಯಲ್ಲಿ, ಚದುರುವ ಏಟಿಗೂ ಪೆಲ್ಲೆಟ್ಟನ್ನೇ ದೂರುವವರಿದ್ದಾರೆ. ಅದು ಹಿಡಿತದ ತಪ್ಪು. ಸ್ಪ್ರಿಂಗ್ ಗನ್ ಪೆಲ್ಲೆಟ್ ಹೊರಬೀಳುವ ಮೊದಲೇ ಕುಲುಕುತ್ತದೆ. ಹಲಗೆಗೆ ನೇರ ಒರಗಿಸಿದರೆ ಕುಲುಕಿನ ರೀತಿ ಬದಲಾಗಿ ಏಟೂ ಜಾಗ ಬದಲಿಸುತ್ತದೆ. ಹಲಗೆಗೆ ಅಂಗೈ ಊರಿ, ಅಂಗೈ ಮೇಲೆ ರೈಫಲ್ಲನ್ನು ಸಡಿಲವಾಗಿ ಕೂರಿಸಿ, ನಿಂತರೂ ಮಂಡಿಯೂರಿದರೂ ಹಾಗೆಯೇ.

ಲೋಹದ ತಟ್ಟೆಗೆ ಬಡಿದ ಸೀಸ 10 ಮೀಟರಿನಿಂದ ಹಿಂದಕ್ಕೆ ಸಿಡಿಯಬಲ್ಲದು. ತಟ್ಟೆ ಸ್ವಲ್ಪ ಮುಂಬಾಗಿರಲಿ. ಹೊಡೆಯುವವರಿಗಷ್ಟೇ ಅಲ್ಲ, ಅಂಕ ಬರೆಯುವವರಿಗೂ ಕನ್ನಡಕ ಬೇಕೇ ಬೇಕು. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

25 ಮೀಟರ್‌ವರೆಗಿನ ಬಯಲು ಸ್ಟೇಜ್‌ಗೆ ಕಣ್ಣುಮುಚ್ಚಿ ಕೊಳ್ಳಬಹುದು. ದಾವಣಗೆರೆಯಲ್ಲಿ ಸೂರಿನ ಕೆಳಗೆ 10 ಮೀಟರ್ ಕಾಗದಕ್ಕಷ್ಟೇ ಹೊಡೆಯುವವರಿಗೆ ಈ ಡಬ್ಬಿ ಬೇಡ. ಗುಂಡುತಲೆ ಕಾಗದವನ್ನು ಹರಿಯುತ್ತದೆ, ಅರ್ಧ ಮಿಲಿಮೀಟರಿನ ಹತ್ತು ಅಂಕದ ಚುಕ್ಕಿಯನ್ನು ಓದಲು ಬೇಕಾದ ದುಂಡು ತೂತು ಬೀಳಿಸುವುದು ಚಪ್ಪಟೆ ತಲೆಯ 0.53 ಗ್ರಾಂ ಮ್ಯಾಚ್ ಪೆಲ್ಲೆಟ್ಟೇ.