ಕಿಂಡಿಯಲ್ಲಿ ಒಬ್ಬೊಬ್ಬರೇ: ಹಗುರ ನಿಯಮದ ನಾಲ್ಕು ಕತ್ತಿ–ಮಾಟದ ಆಟಗಳು

ಕೂಲಿಗೆ ಕತ್ತಿ ಹಿಡಿದವನು, ಗೋಡೆ ಹತ್ತುವ ಕಳ್ಳಿ, ಗುಹೆಯೊಳಗೆ ಕೂತ ಮಾಟಗಾರ, ಬೆಳಗಾಗುವುದರೊಳಗೆ ಮುಗಿಯಬೇಕಾದ ಒಂದು ಕಳವು. ಸೋರ್ಡ್ ಅಂಡ್ ಸಾರ್ಸರಿ ಕಥೆಗಳ ಬಂಡವಾಳ ಇಷ್ಟೇ. ಲೋಕ ಉಳಿಸುವ ಹೊಣೆ ಯಾರಿಗೂ ಇಲ್ಲ. ಹೊಟ್ಟೆಪಾಡು, ಸಾಲ, ಸೇಡು ಸಾಕು. ಇದನ್ನು ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವಾಗ ದಪ್ಪ ನಿಯಮಪುಸ್ತಕ ಅಡ್ಡ ಬರುತ್ತದೆ. ಈ ಬಗೆಯ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಆಟಗಾರರ ಕೈಪಿಡಿಯೊಂದೇ 300 ಪುಟ ದಾಟುತ್ತದೆ. ಪಾತ್ರ ಕಟ್ಟುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಅಷ್ಟು ಶ್ರಮಪಟ್ಟು ಕಟ್ಟಿದ ಪಾತ್ರವನ್ನು ಸಾಯಿಸಲು, ಕಥೆ ಹೇಳಿ ತೀರ್ಪು ಕೊಡುತ್ತ ಆಟ ನಡೆಸುವವರಿಗೂ ಮನಸ್ಸು ಬಾರದು. ಸಾವಿನ ಭಯ ಹೋದರೆ ಈ ಬಗೆಯ ಕಥೆಯಲ್ಲಿ ಉಳಿಯುವುದೇನು?

ಹಗುರ ಆಟಗಳಿಗೆ ಜನ ಬರುವುದು ಇದಕ್ಕೇ. ಆದರೆ ಎಲ್ಲ ಹಗುರ ಆಟಗಳೂ ಒಂದೇ ಕಡೆ ಭಾರ ಇಳಿಸುವುದಿಲ್ಲ. ನೇವ್ ಪಾತ್ರದ ಭಾರ ಇಳಿಸುತ್ತದೆ, ಕೇರ್ನ್ ಕಾಳಗದ್ದು, ದಿ ಬ್ಲ್ಯಾಕ್ ಹ್ಯಾಕ್ ಆಟ ನಡೆಸುವವರದು, ಬಾರ್ಬೇರಿಯನ್ಸ್ ಆಫ್ ಲೆಮುರಿಯಾ ಕೌಶಲಗಳ ಪಟ್ಟಿಯದು. ಯಾವುದನ್ನು ಆರಿಸಬೇಕೆಂಬುದು ಇಲ್ಲಿಂದಲೇ ಶುರು.

ಹೋಲಿಸಲು ಒಂದೇ ಸಾಹಸವನ್ನು ನಾಲ್ಕರಲ್ಲೂ ಆಡಿಸಿ ನೋಡಿದೆವು. ನಕ್ಷೆಗೆ ದೂರ ಹೋಗಬೇಕಿರಲಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಬೇಕಾದ್ದೆಲ್ಲ ಇದೆ: ಹೆಬ್ಬಂಡೆಗಳ ನಡುವಿನ ಕಿಂಡಿ, ತುಪ್ಪದ ಕೊಳ, ಗೋಪಾಲಸ್ವಾಮಿ ಹೊಂಡ, ಬೆಟ್ಟದಾಚೆ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ನೆಲದಡಿಯ ಕೋಣೆಗಳು. ಹೆಸರು, ಕಾಲ ಬದಲಿಸಿದರೆ ಮಾಟಗಾರನ ಕೋಟೆ ಸಿದ್ಧ. ಮೊದಲ ಭಾಗದಲ್ಲಿ ಆಟಗಾರರು ಕಿಂಡಿಯಲ್ಲಿ ನುಸುಳಿ ಒಳಗೆ ಹೋಗಬೇಕು, ಎರಡನೆಯದರಲ್ಲಿ ಅದೇ ಕಿಂಡಿ ಕಾಯಬೇಕು. ಹೈದರಾಲಿಯ ಸೈನಿಕರಿಗೆ ಎದುರಾಗಿ ಓಬವ್ವ ಒನಕೆ ಹಿಡಿದು ನಿಂತ ಪ್ರಸಂಗ ಇಲ್ಲಿ ಮಕ್ಕಳಿಗೂ ಗೊತ್ತು. ಜಾಗ ಬಲ್ಲ ಒಬ್ಬಳು, ಕೈಗೆ ಸಿಕ್ಕ ಮನೆಯ ಸಾಮಾನು, ಒಬ್ಬೊಬ್ಬರಾಗಿ ತಲೆ ತೂರಿಸುವ ಶತ್ರು. ಈ ಪ್ರಸಂಗವನ್ನು ಸರಿಯಾಗಿ ಆಡಿಸಲಾಗದ ನಿಯಮಕ್ಕೆ ನಮ್ಮ ಟೇಬಲ್ ಮೇಲೆ ಕೆಲಸವಿಲ್ಲ.

ಮೊದಲು ದಾಳದ ವಿಚಾರ. ನಾಲ್ಕರಲ್ಲಿ ಮೂರಕ್ಕೆ ಇಪ್ಪತ್ತು ಮುಖದ ದಾಳ ಬೇಕು. ಊರಿನ ಆಟಿಕೆ ಅಂಗಡಿಯಲ್ಲಿ ಲೂಡೊ ದಾಳ ಸಿಕ್ಕಷ್ಟು ಸುಲಭವಾಗಿ ಇದು ಸಿಗದು, ಆನ್‌ಲೈನ್‌ನಲ್ಲಿ ತರಿಸಬೇಕು. ಬರುವವರೆಗೆ ಇಸ್ಪೀಟೆಲೆ ಸಾಕು: ಆಟೀನಿನ ಎಕ್ಕದಿಂದ ಹತ್ತರವರೆಗೆ 1–10, ಕಳಾವರದ ಎಕ್ಕದಿಂದ ಹತ್ತರವರೆಗೆ 11–20. ಎಳೆದ ಎಲೆಯನ್ನು ಪ್ರತಿಸಲ ಮರಳಿ ಸೇರಿಸಿ ಕಲಸಲೇಬೇಕು. ಪಕ್ಕಕ್ಕಿಟ್ಟರೆ ಉಳಿದ ಎಲೆಗಳನ್ನು ಎಣಿಸಿಕೊಂಡು ಆಡುವವರು ಹುಟ್ಟಿಕೊಳ್ಳುತ್ತಾರೆ. ಹನ್ನೆರಡು ಮುಖದ ದಾಳಕ್ಕೆ ಲೂಡೊ ದಾಳದ ಜೊತೆ ಒಂದು ನಾಣ್ಯ: ಒಂದು ಬದಿ ಬಿದ್ದರೆ ಬಂದ ಅಂಕಿ, ಇನ್ನೊಂದು ಬಿದ್ದರೆ ಅದಕ್ಕೆ 6 ಕೂಡಿ. ನಾಲ್ಕು ಮುಖದ್ದಕ್ಕೆ 5, 6 ಬಂದಾಗ ಮತ್ತೆ ಉರುಳಿಸಿ. ಎಂಟಕ್ಕೆ ಅದರ ಜೊತೆ ನಾಣ್ಯ, 4 ಕೂಡಿ.

ನೇವ್ ಬೆನ್ ಮಿಲ್ಟನ್ ಅವರದು, 2018ರ ಮೊದಲ ಆವೃತ್ತಿ ಏಳೇ ಪುಟ. ಯೋಧ, ಕಳ್ಳ, ಮಾಂತ್ರಿಕ ಎಂಬ ವರ್ಗಗಳಿಲ್ಲ. ಬಲ, ಚುರುಕು, ಮೈಕಟ್ಟಿನಂಥ ಪ್ರತಿ ಗುಣಕ್ಕೆ ಆರು ಮುಖದ ಮೂರು ದಾಳ ಉರುಳಿಸಿ, ಅತಿ ಚಿಕ್ಕ ಅಂಕಿಯೇ ಆ ಗುಣದ ಬೋನಸ್, ಅದಕ್ಕೆ 10 ಕೂಡಿದರೆ ರಕ್ಷಣಾಂಕ. ಮೈಕಟ್ಟಿನ ರಕ್ಷಣಾಂಕ ಎಷ್ಟೋ ಸಾಮಾನು ಹೊರುವ ಖಾನೆ ಅಷ್ಟು. ಮಂತ್ರವೂ ಒಂದು ಪುಸ್ತಕ, ಒಂದು ಖಾನೆ, ದಿನಕ್ಕೆ ಒಂದೇ ಸಲ. ಚೀಲದಲ್ಲಿ ಏನಿದೆಯೋ ನೀವು ಅದೇ. ಕಿಂಡಿ ನುಸುಳುವ ಭಾಗ ಇದರಲ್ಲಿ ಸೊಗಸಾಗಿ ಬಂತು: ಹಗ್ಗ ಬಿಡಬೇಕೇ, ಮಂತ್ರದ ಪುಸ್ತಕವನ್ನೇ, ಕವಚವನ್ನೇ ಎಂಬ ಚರ್ಚೆಯೇ ಆಟವಾಯಿತು.

ಎಡವುವುದು ದಾಳದಲ್ಲಿ. ಅಪಾಯದಿಂದ ಪಾರಾಗಲು ಇಪ್ಪತ್ತರ ದಾಳಕ್ಕೆ ಬೋನಸ್ ಕೂಡಿ 15 ದಾಟಬೇಕು. ಬೋನಸ್ 1 ಇದ್ದರೆ ಗೆಲುವು ನೂರಕ್ಕೆ 30, ಬೋನಸ್ 3 ಇದ್ದರೂ 40. ಪ್ರಾಣಾಂಕ ಸೊನ್ನೆಗಿಂತ ಕೆಳಗಿಳಿದರೆ ಸಾವು. ಹೊಸದಾಗಿ ನಡೆಸುವವರು ಗೋಡೆ ಹತ್ತುವುದಕ್ಕೂ ಬೀಗ ನೋಡುವುದಕ್ಕೂ ದಾಳ ಕೇಳುತ್ತಾರೆ, ಆಟಗಾರರು ಸೋಲುತ್ತಲೇ ಹೋಗುತ್ತಾರೆ. ಉಪಾಯ ಒಪ್ಪುವಂತಿದ್ದರೆ ದಾಳವೇ ಬೇಡ, ಆದದ್ದಾಯಿತು ಎಂದು ಮುಂದೆ ಹೋಗಬೇಕು. ಕಿಂಡಿ ಕಾಯುವಲ್ಲಿಯೂ ಇದೇ ತೊಡಕು. ದಪ್ಪ ಬಟ್ಟೆಯ ಅಂಗಿ ತೊಟ್ಟ ಸೈನಿಕನ ರಕ್ಷಣಾಂಕ 12, ಕಾಯುವವಳ ಬೋನಸ್ 2; ದಾಳಕ್ಕೆ ಬೋನಸ್ ಕೂಡಿ 12 ದಾಟಬೇಕು ಎಂದರೆ ಏಟು ಬೀಳುವುದು ಅರ್ಧ ಸಲ. ಅನುಕೂಲದ ನೆಲೆಗಾಗಿ ಎರಡು ದಾಳ ಎಸೆದು ದೊಡ್ಡದನ್ನು ಹಿಡಿದರೂ ನೂರಕ್ಕೆ 75. ತೂತಿನಲ್ಲಿ ಸಿಕ್ಕಿಕೊಂಡ ತಲೆಗೆ ಬಿದ್ದ ಒನಕೆ ನಾಲ್ಕರಲ್ಲಿ ಒಮ್ಮೆ ತಪ್ಪುವುದನ್ನು ದುರ್ಗದವರು ಒಪ್ಪುವುದಿಲ್ಲ.

ಕೇರ್ನ್ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮುಂದೆ. ಯೋಖೈ ಗಾಲ್ 2020ರಲ್ಲಿ ತಂದ ಆಟ. ಗುಣ ಮೂರೇ: ಬಲ, ಚುರುಕು, ಮನೋಬಲ. ಏಟು ತಗುಲಿತೇ ಎಂದು ಕೇಳುವ ದಾಳವೇ ಇಲ್ಲ, ಬೀಸಿದರೆ ತಗುಲಿತು. ಹಾನಿಯ ದಾಳದಿಂದ ಕವಚದ ಅಂಕ ಕಳೆದು, ಉಳಿದದ್ದು ಮೊದಲು ರಕ್ಷಣೆಯನ್ನು (ಏಟು ತಪ್ಪಿಸಿಕೊಳ್ಳುವ ಶಕ್ತಿಯ ಅಂಕ; ನೇವ್‌ನ ರಕ್ಷಣಾಂಕ ಬೇರೆ), ಆಮೇಲೆ ಬಲವನ್ನು ತಿನ್ನುತ್ತದೆ. ಲೆಕ್ಕ ನೋಡಿ: ರಕ್ಷಣೆ 3, ಬಲ 11, ಕವಚ 1. ಎಂಟು ಮುಖದ ಕತ್ತಿಗೆ 7 ಬಂತು. ಕವಚ ಕಳೆದು 6. ರಕ್ಷಣೆ ಸೊನ್ನೆ, ಬಲ 8ಕ್ಕೆ ಇಳಿಯಿತು. ಈಗ ಇಪ್ಪತ್ತರ ದಾಳದಲ್ಲಿ 8 ಅಥವಾ ಕಡಿಮೆ ಬಂದರೆ ನಿಂತಿರುತ್ತೀರಿ, ಹೆಚ್ಚು ಬಂದರೆ ತೆವಳುವ ಸ್ಥಿತಿ. ಆರೈಕೆ ಸಿಗದಿದ್ದರೆ ಒಂದು ಗಂಟೆಯಲ್ಲಿ ಸಾವು. ಒಂದೇ ಏಟಿಗೆ ಇಷ್ಟು. ಮೊದಲ ಕಾಳಗ ಮುಗಿಯುವಷ್ಟರಲ್ಲಿ ಆಟಗಾರರು ಕತ್ತಿ ಎಳೆಯುವ ಮುಂಚೆ ಮಾತಾಡಲು, ಅಡಗಲು, ಲಂಚ ಕೊಡಲು ಕಲಿತಿರುತ್ತಾರೆ.

ಇನ್ನು ಕಿಂಡಿ. ಬಯಲಿನಲ್ಲಿ ಐವರು ಒಬ್ಬರ ಮೇಲೆ ಬಿದ್ದರೆ ಐದೂ ದಾಳ ಉರುಳಿಸಿ ದೊಡ್ಡದೊಂದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆರು ಮುಖದ ದಾಳವಾದರೆ ಅದರ ಸರಾಸರಿ 5.4. ಕಿಂಡಿಯಲ್ಲಿ ಒಬ್ಬನೇ, ಸರಾಸರಿ 3.5. ಅವನು ತೆವಳುತ್ತಿರುವುದರಿಂದ ಅವನ ದಾಳ ನಾಲ್ಕು ಮುಖಕ್ಕೆ ಇಳಿಯುತ್ತದೆ, ಮೇಲಿಂದ ಬೀಸುವವಳದು ಹನ್ನೆರಡು ಮುಖಕ್ಕೆ ಏರುತ್ತದೆ. ಅಂದರೆ ಆಯುಧಕ್ಕಿಂತ ನಿಂತ ಜಾಗ ದೊಡ್ಡದು. ಓಬವ್ವನ ಪ್ರಸಂಗಕ್ಕೆ ಬೇರೆ ನಿಯಮ ಸೇರಿಸಬೇಕಿಲ್ಲ. ಎರಡು ಖಾನೆ ಹಿಡಿಯುವ ಭಾರದ ವಸ್ತು ಎಂದು ಒನಕೆಯನ್ನು ಬರೆದುಕೊಂಡರೆ ಮುಗಿಯಿತು.

ಖಾನೆಗಳು ಹತ್ತು. ಹತ್ತೂ ತುಂಬಿದರೆ ರಕ್ಷಣೆ ಸೊನ್ನೆ. ಮಂತ್ರ ಹಾಕಿದಾಗಲೆಲ್ಲ ಆಯಾಸ ಒಂದು ಖಾನೆ ನುಂಗುತ್ತದೆ, ಹಾಗಾಗಿ ಮಾಟಗಾರ ಬರಿಗೈಲಿ ತಿರುಗಬೇಕು. ಕ್ಷಣ ಹೊತ್ತು ಕೂತು ಗುಟುಕು ನೀರು ಕುಡಿದರೆ ರಕ್ಷಣೆ ಪೂರ್ತಿ ಮರಳುತ್ತದೆ. ನಕ್ಷೆಯ ಹೊಂಡಗಳಿಗೆ ಇದರಿಂದ ನಿಜವಾದ ಬೆಲೆ ಬಂತು, ಯಾರ ಕೈಲಿ ಹೊಂಡವೋ ಅವರ ಕೈಲಿ ಕೋಟೆ. ತಪ್ಪುವುದೆಲ್ಲಿ ಎಂದರೆ, ರಕ್ಷಣೆಯನ್ನು ರಕ್ತ ಎಂದು ವಿವರಿಸಿದಾಗ. ನೀರು ಕುಡಿದರೆ ಗಾಯ ಮಾಯುತ್ತದೆಯೇ ಎಂದು ಕೇಳುತ್ತಾರೆ, ನ್ಯಾಯವೇ. ಅದು ತಪ್ಪಿಸಿಕೊಳ್ಳುವ ಶಕ್ತಿ. ರಕ್ತ ಬರುವುದು ಬಲ ಇಳಿದಾಗ. ಮೊದಲೇ ಹೇಳಿಬಿಡಿ.

ಡೇವಿಡ್ ಬ್ಲ್ಯಾಕ್ ಅವರ ದಿ ಬ್ಲ್ಯಾಕ್ ಹ್ಯಾಕ್ 2016ರದು. ದಾಳವೆಲ್ಲ ಆಟಗಾರರದೇ, ತಮ್ಮ ಗುಣಾಂಕಕ್ಕಿಂತ ಕಡಿಮೆ ಉರುಳಿಸಬೇಕು. ಆಟ ನಡೆಸುವವರಿಗೆ ಕೈ ಬಿಡುವಾಗುತ್ತದೆ, ಮಾತಿಗೆ ಗಮನ ಕೊಡಬಹುದು. ಇದರ ಆಸ್ತಿ ಬಳಕೆಯ ದಾಳ. ಪಂಜು, ಬಾಣ, ಬುತ್ತಿಯನ್ನು ಎಣಿಸುವ ಬದಲು ದಾಳ ಎಸೆಯಿರಿ; 1 ಅಥವಾ 2 ಬಂದರೆ ಒಂದು ಮೆಟ್ಟಿಲು ಕೆಳಗಿನ ದಾಳಕ್ಕೆ (ಎಂಟು ಮುಖದಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ), ನಾಲ್ಕು ಮುಖದ್ದರಲ್ಲೂ ಹಾಗೇ ಬಂದರೆ ಮುಗಿಯಿತು. ಆರು ಮುಖದ ಪಂಜು ಸರಾಸರಿ ಐದು ಎಸೆತ ಬಾಳುತ್ತದೆ, ಎಂಟು ಮುಖದ್ದು ಒಂಬತ್ತು. ನೆಲದಡಿಯ ಕೋಣೆಗಳಲ್ಲಿ ಇದು ಕೊಡುವ ಕಳವಳವನ್ನು ಬೇರೆ ಯಾವ ನಿಯಮವೂ ಕೊಡಲಿಲ್ಲ. ಆದರೆ ಯೋಧ, ಕಳ್ಳ, ಪೂಜಾರಿ, ಮಾಂತ್ರಿಕ ಎಂಬ ನಾಲ್ಕು ವರ್ಗಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ ತಂಡದವು. ಮಂತ್ರ ಹಾಕಿ ಗಾಯ ಮಾಯಿಸುವ ಪೂಜಾರಿ ಜೊತೆಗಿದ್ದರೆ ಮಾಟದ ಅಂಜಿಕೆ ಸಡಿಲವಾಗುತ್ತದೆ. ಬಳಕೆಯ ದಾಳವನ್ನು ಎತ್ತಿಕೊಂಡು ಕೇರ್ನ್‌ಗೆ ಸೇರಿಸುವುದೇ ಲೇಸು, ಸಲೀಸಾಗಿ ಹೊಂದುತ್ತದೆ.

ಸೈಮನ್ ವಾಶ್‌ಬೋರ್ನ್ ಅವರ ಬಾರ್ಬೇರಿಯನ್ಸ್ ಆಫ್ ಲೆಮುರಿಯಾ ಬೇರೆಯದೇ ಜಾಡು. ಎರಡು ಲೂಡೊ ದಾಳ ಕೂಡಿ 9 ಮುಟ್ಟಿದರೆ ಗೆಲುವು. ಏನೂ ಕೂಡದಿದ್ದರೆ ನೂರಕ್ಕೆ 28, 2 ಕೂಡಿದರೆ 58, 3 ಕೂಡಿದರೆ 72. ಗುಣಗಳಿಗೆ ನಾಲ್ಕು ಅಂಕ, ಕಾಳಗಕ್ಕೆ ನಾಲ್ಕು, ಹಿಂದೆ ಮಾಡಿದ ಕಸುಬುಗಳಿಗೆ ನಾಲ್ಕು. ಕೌಶಲಗಳ ಉದ್ದ ಪಟ್ಟಿಯ ಬದಲು ಕಸುಬು: ಬೇಟೆಗಾರ 2, ಕಳ್ಳ 1, ಕೂಲಿ ಸಿಪಾಯಿ 1 ಎಂದು ಬರೆದರೆ ಪಾತ್ರದ ಪೂರ್ವಕಥೆಯೂ ಬಂತು. ಬಂಡೆ ಹತ್ತಬೇಕೇ? ಬೇಟೆಗಾರನ ಅಂಕ ಕೂಡಿ. ಕಿಂಡಿಯಲ್ಲಿ ಬರುವ ಸೈನಿಕರು ಇಲ್ಲಿ ಪುಡಿ ಶತ್ರುಗಳು, ಪ್ರಾಣಾಂಕ 1ರಿಂದ 3, ಏಟಿಗೊಬ್ಬರು ಉರುಳುತ್ತಾರೆ. ಸಾಹಸ ಮುಗಿದ ಮೇಲೆ ಗಳಿಸಿದ್ದನ್ನೆಲ್ಲ ಹೇಗೆ ಉಡಾಯಿಸಿದಿರಿ ಎಂದು ಆಟಗಾರರೇ ಹೇಳಿದರೆ ಪಾತ್ರ ಬೆಳೆಯುತ್ತದೆ. ಈ ಕಥೆಗಳ ನಾಡಿ ಹಿಡಿದ ನಿಯಮ ಇದು. ಮುಂದಿನ ಸಲ ಎಲ್ಲರೂ ಮತ್ತೆ ಬರಿಗೈ, ಮತ್ತೆ ಕೆಲಸ ಬೇಕು.

ಇದರ ತೊಂದರೆ ಸಾವು ದೂರವಾಗುವುದು. ಆಪತ್ತಿನಲ್ಲಿ ಖರ್ಚುಮಾಡಿ ಪಾರಾಗಬಹುದಾದ ಐದು ವೀರಾಂಕಗಳಿರುವ ಪಾತ್ರ ಒಂದು ಮಧ್ಯಾಹ್ನದಲ್ಲಿ ಸಾಯುವುದು ಅಪರೂಪ. ಕಸುಬಿನ ವ್ಯಾಪ್ತಿಯ ಬಗ್ಗೆ ವಾದವೂ ಬೆಳೆಯುತ್ತದೆ: ನಾವಿಕನಿಗೆ ಹೊಂಡದಲ್ಲಿ ಈಜು ಬರುತ್ತದೆ ಸರಿ, ಕೋಟೆಗೋಡೆ ಹತ್ತಲೂ ಹಾಯಿಮರದ ಅನುಭವ ಸಲ್ಲುತ್ತದೆಯೇ? ಆಟ ನಡೆಸುವವರು ಅಲ್ಲೇ ತೀರ್ಮಾನ ಹೇಳಿ, ಅದನ್ನು ಬರೆದಿಟ್ಟುಕೊಂಡು, ಮುಂದೆಯೂ ಅದಕ್ಕೇ ಬದ್ಧರಾಗಬೇಕು.

ಹೊಸಬರು ಮೂವರು, ಕೈಲಿ ಮೂರು ಗಂಟೆ, ನಡುವೆ ಮಂಡಕ್ಕಿ–ಮಿರ್ಚಿ ಎಂದರೆ ಕೇರ್ನ್. ಪಾತ್ರಕ್ಕೆ ಹತ್ತು ನಿಮಿಷ, ಸತ್ತರೆ ಮತ್ತೆ ಹತ್ತು ನಿಮಿಷ. ಅದರ ಪಿಡಿಎಫ್ ಉಚಿತ. ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಕನ್ನಡಕ್ಕೆ ತಂದು, ಮೂಲ ಹೆಸರಿಸಿ, ಅದೇ ಪರವಾನಗಿಯಲ್ಲಿ ಹಂಚಬಹುದು. ಇಂಗ್ಲಿಷ್ ಓದಲು ಹಿಂಜರಿಯುವವರೂ ಬರುವ ಟೇಬಲ್‌ಗೆ ಇದು ಸಣ್ಣ ಮಾತಲ್ಲ. ಅದೇ ತಂಡ ತಿಂಗಳುಗಟ್ಟಲೆ ಒಂದೇ ಪಾತ್ರಗಳನ್ನು ಬೆಳೆಸುವುದಾದರೆ ಲೆಮುರಿಯಾ ಹಿಡಿಯಿರಿ. ನೇವ್ ಅನುಭವಿ ನಡೆಸುವವರಿದ್ದಾಗ ಮಾತ್ರ. ಕೇರ್ನ್ ಆಡುವವರು ಲೆಮುರಿಯಾದ ಉಡಾಯಿಸುವ ನಿಯಮವನ್ನೂ ಎರವಲು ತರಬಹುದು: ದೋಚಿದ ಹಣವನ್ನೆಲ್ಲ ಖರ್ಚು ಮಾಡಿದ ಬಗೆ ಹೇಳಿದವರಿಗೆ ಇಷ್ಟ ಬಂದ ಒಂದು ಗುಣದಲ್ಲಿ 1 ಏರಿಕೆ, ಒಂದು ಸಾಹಸಕ್ಕೆ ಒಂದೇ ಸಲ, 18ರ ಮೇಲೆ ಇಲ್ಲ.